ನಾಟಕಕಾರರು ಬಿಟ್ಟ ಆರು ದಿನ

ಚರಿತ್ರೆಯಲ್ಲಿ ಬಂದುಹೋದ ಕೆಲವರು ನಾಟಕಕ್ಕೆಂದೇ ಹುಟ್ಟಿದವರಂತೆ ಕಾಣುತ್ತಾರೆ. ಫ್ರಾನ್ಸಿನ ಜೋನ್ ಆಫ್ ಆರ್ಕ್ ಅಂಥವಳು. ಒಕ್ಕಲುತನದ ಮನೆಯ ಹುಡುಗಿ, ಓದುಬರಹ ತಿಳಿಯದವಳು, ಹದಿಮೂರನೆಯ ವಯಸ್ಸಿನಲ್ಲಿ ದೈವದ ಧ್ವನಿ ಕೇಳಿಸಿತೆಂದಳು, ಹದಿನೇಳಕ್ಕೆ ಸೈನ್ಯದ ಮುಂದೆ ಬಾವುಟ ಹಿಡಿದು ನಡೆದಳು, ಹತ್ತೊಂಬತ್ತಕ್ಕೆ ಬೆಂಕಿಗೆ ಆಹುತಿಯಾದಳು. ಇಷ್ಟು ಹೇಳಿದರೆ ಸಾಕು, ಪರದೆ ತಾನಾಗಿಯೇ ಮೇಲೇಳುತ್ತದೆ.

ಹಾಗಾಗಿಯೇ ದೊಡ್ಡ ದೊಡ್ಡ ನಾಟಕಕಾರರು ಅವಳನ್ನು ಬಿಡಲಿಲ್ಲ. ಷೇಕ್ಸ್‌ಪಿಯರನ ಹೆಸರಿನಲ್ಲಿರುವ ಆರನೆಯ ಹೆನ್ರಿಯ ನಾಟಕದ ಮೊದಲ ಭಾಗದಲ್ಲಿ ಅವಳು ಮಾಟಗಾತಿ. ಇಂಗ್ಲೆಂಡಿನವರಿಗೆ ಅವಳು ಹಾಗೆಯೇ ಕಾಣಬೇಕಿತ್ತು. ಜರ್ಮನಿಯ ಷಿಲ್ಲರ್ 1801ರ ತನ್ನ ನಾಟಕದಲ್ಲಿ ಅವಳನ್ನು ಬೆಂಕಿಗೆ ಕೊಡಲು ಒಪ್ಪದೆ, ಸಂಕೋಲೆ ಕಡಿದುಕೊಂಡು ಬಂದು ರಣರಂಗದಲ್ಲಿ ಸಾಯುವಂತೆ ಮಾಡಿದ. ಬರ್ನಾರ್ಡ್ ಶಾನ 'ಸೇಂಟ್ ಜೋನ್' 1923ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಆಡಲ್ಪಟ್ಟು, ಮರುವರ್ಷ ಲಂಡನ್ನಿಗೆ ಬಂತು. ಫ್ರಾನ್ಸಿನ ಆನುಯಿ 1953ರಲ್ಲಿ ರಂಗಕ್ಕೆ ಬಂದ ತನ್ನ ನಾಟಕದಲ್ಲಿ ಬೆಂಕಿಯನ್ನು ಅರ್ಧಕ್ಕೇ ನಿಲ್ಲಿಸಿ ಪಟ್ಟಾಭಿಷೇಕದ ದೃಶ್ಯದಿಂದ ಮುಗಿಸಿದ. ಮಾತಿಲ್ಲದ ಸಿನಿಮಾದ ಕಾಲದಲ್ಲಿ, 1928ರಲ್ಲಿ, ಡೆನ್ಮಾರ್ಕಿನ ಡ್ರೈಯರ್ ಅವಳ ವಿಚಾರಣೆಯನ್ನೇ ಚಿತ್ರವಾಗಿ ತೆಗೆದ.

ಬಿ.ಎ. ತರಗತಿಯಲ್ಲಿ ಶಾನ ನಾಟಕ ನಮಗೆ ಪಠ್ಯವಾಗಿತ್ತು. ಅವನ ಮುನ್ನುಡಿ ನಾಟಕಕ್ಕೇ ಸವಾಲು ಹಾಕುವಷ್ಟು ಉದ್ದ. ಅದನ್ನು ಟಿಪ್ಪಣಿ ಮಾಡಿಕೊಂಡು ಪರೀಕ್ಷೆ ಬರೆದೆವು. ಎಷ್ಟೋ ವರ್ಷಗಳ ಮೇಲೆ, ನಾನೇ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಕಾಲಕ್ಕೆ, ಜೋನಳ ವಿಚಾರಣೆಯ ದಾಖಲೆಯ ಇಂಗ್ಲಿಷ್ ಅನುವಾದ ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿತು. ಅಂದಿನಿಂದ ನಾಟಕಗಳಿಗಿಂತ ಆ ದಾಖಲೆಯೇ ನನ್ನನ್ನು ಹಿಡಿದುಕೊಂಡಿದೆ. ಯಾಕೆಂದು ಹೇಳುವುದಕ್ಕೇ ಈ ಬರಹ.

ಚರಿತ್ರೆಯಲ್ಲಿ ಇದೊಂದು ವಿಚಿತ್ರ. ಹದಿನೈದನೆಯ ಶತಮಾನದ ರಾಜಮಹಾರಾಜರು ಬಾಯಿಬಿಟ್ಟು ಏನು ಹೇಳಿದರೆಂದು ನಮಗೆ ಅಷ್ಟಾಗಿ ಗೊತ್ತಿಲ್ಲ. ಒಬ್ಬ ಹಳ್ಳಿ ಹುಡುಗಿ ಹೇಳಿದ್ದು ಮಾತ್ರ ಪುಟಗಟ್ಟಲೆ ಉಳಿದಿದೆ. ಉಳಿಸಿದವರು ಅವಳ ಸ್ನೇಹಿತರಲ್ಲ, ಅವಳನ್ನು ಸುಡಲು ಕೂತ ನ್ಯಾಯಾಲಯದ ಗುಮಾಸ್ತರು. ಬೆಳಿಗ್ಗೆ ಫ್ರೆಂಚಿನಲ್ಲಿ ನಡೆದ ಪ್ರಶ್ನೋತ್ತರವನ್ನು ಬರೆದುಕೊಂಡು, ಆಮೇಲೆ ಅದನ್ನು ಲ್ಯಾಟಿನ್ನಿಗೆ ಇಳಿಸಿದರು. ಅವಳು ಸತ್ತು ಕಾಲು ಶತಮಾನ ಕಳೆದ ಮೇಲೆ ಇನ್ನೊಂದು ವಿಚಾರಣೆ ನಡೆದು, ಅವಳನ್ನು ಕಂಡಿದ್ದ ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ಈ ಎರಡು ದಾಖಲೆಗಳ ನಡುವೆ ಆ ಹುಡುಗಿ ಇದ್ದಾಳೆ.

ಅವಳ ಕಾಲದ ಫ್ರಾನ್ಸಿನ ಸ್ಥಿತಿ ಒಂದಿಷ್ಟು ತಿಳಿದಿರಬೇಕು. ಇಂಗ್ಲೆಂಡಿಗೂ ಫ್ರಾನ್ಸಿಗೂ 1337ರಲ್ಲಿ ಹತ್ತಿದ ಜಗಳ ನೂರು ವರ್ಷದ ಯುದ್ಧವೆಂದು ಹೆಸರಾಗಿದೆ. 1415ರಲ್ಲಿ ಅಜಿನ್‌ಕೋರ್ಟಿನಲ್ಲಿ ಫ್ರೆಂಚರು ನುಚ್ಚುನೂರಾದರು. ಅವರಲ್ಲೇ ಒಳಜಗಳ ಬೇರೆ: ಬರ್ಗಂಡಿಯ ಡ್ಯೂಕನ ಕೊಲೆ 1419ರಲ್ಲಿ ನಡೆದಾಗ ಅವನ ಕಡೆಯವರು ಇಂಗ್ಲಿಷರ ಜೊತೆ ಸೇರಿಕೊಂಡರು. 1420ರ ಟ್ರಾಯ್ ಒಪ್ಪಂದದಲ್ಲಿ, ಬುದ್ಧಿ ಸ್ಥಿಮಿತದಲ್ಲಿಲ್ಲದ ಫ್ರಾನ್ಸಿನ ಅರಸ ತನ್ನ ಸ್ವಂತ ಮಗನನ್ನೇ ಬಿಟ್ಟು ಇಂಗ್ಲೆಂಡಿನ ಅರಸನನ್ನು ವಾರಸುದಾರನೆಂದು ಒಪ್ಪಿದ. ಎರಡು ವರ್ಷದಲ್ಲಿ ಆ ಇಬ್ಬರು ಅರಸರೂ ತೀರಿಕೊಂಡರು. ಇಂಗ್ಲಿಷರ ಕಡೆ ತೊಟ್ಟಿಲಲ್ಲಿದ್ದ ಒಂದು ಕೂಸು ರಾಜ. ಫ್ರೆಂಚರ ಕಡೆ ಪಟ್ಟವಾಗದ, ತನ್ನ ಮೇಲೆ ತನಗೇ ನಂಬಿಕೆಯಿಲ್ಲದ ಯುವರಾಜ ಚಾರ್ಲ್ಸ್.

ಜೋನ್ ಹುಟ್ಟಿದ್ದು ಸುಮಾರು 1412ರಲ್ಲಿ, ಮ್ಯೂಸ್ ನದಿಯ ದಂಡೆಯ ಡೊಂರೆಮಿ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಝಾನೆಟ್ ಎಂದು. ತಂದೆ ಝಾಕ್, ತಾಯಿ ಇಸಾಬೆಲ್. ನೂಲುವುದು, ಹೊಲಿಯುವುದು ತಾಯಿಯಿಂದ ಕಲಿತದ್ದು. ಆ ಎರಡರಲ್ಲಿ ರೂಆನ್ ಪಟ್ಟಣದ ಯಾವ ಹೆಂಗಸಿಗೂ ತಾನು ಅಂಜುವವಳಲ್ಲವೆಂದು, ಪ್ರಾಣ ಹೋಗುವ ವಿಚಾರಣೆಯ ನಡುವೆಯೂ ಅವಳು ಹೆಮ್ಮೆಪಟ್ಟುಕೊಂಡಳು! ಸಂಜೆಯ ಪ್ರಾರ್ಥನೆಗೆ ಇಗರ್ಜಿಯ ಗಂಟೆ ಬಾರಿಸುವುದನ್ನು ಮರೆತರೆ ಆಕೆ ತನ್ನನ್ನು ಗದರುತ್ತಿದ್ದಳೆಂದೂ, ಸರಿಯಾಗಿ ಬಾರಿಸಿದರೆ ಏನಾದರೂ ಕೊಡುತ್ತೇನೆಂದು ಆಸೆ ತೋರಿಸುತ್ತಿದ್ದಳೆಂದೂ ಗಂಟೆ ಬಾರಿಸುವವನು ಮುಂದೆ ನೆನಪಿಸಿಕೊಂಡ. ಓರಗೆಯ ಗೆಳತಿ ಓವಿಯೆತ್ ಹೇಳಿದ ಮಾತು ಇನ್ನೂ ಹತ್ತಿರದ್ದು. ಬಹಳ ಭಕ್ತಿ ನಿನಗೆ ಎಂದು ಯಾರಾದರೂ ಅಂದರೆ ಜೋನ್ ನಾಚಿಕೊಳ್ಳುತ್ತಿದ್ದಳಂತೆ.

ಹದಿಮೂರರ ಸುಮಾರಿಗೆ, ಬೇಸಗೆಯ ಒಂದು ಮಧ್ಯಾಹ್ನ, ತಂದೆಯ ತೋಟದಲ್ಲಿ ಮೊದಲ ಬಾರಿ ಧ್ವನಿ ಕೇಳಿಸಿತು. ಮೊದಲಿಗೆ ಆದದ್ದು ಭಯ ಎಂದು ಅವಳೇ ಹೇಳಿದ್ದಾಳೆ. ಒಳ್ಳೆಯವಳಾಗಿರು, ಇಗರ್ಜಿಗೆ ಹೋಗು ಎಂಬಷ್ಟೇ ಆರಂಭದ ಉಪದೇಶ. ಬರಬರುತ್ತಾ ಅದು ಸಂತ ಮೈಕೇಲ, ಸಂತ ಕ್ಯಾಥರೀನ್, ಸಂತ ಮಾರ್ಗರೆಟ್ ಇವರ ಧ್ವನಿಯೆಂದು ಗುರುತಾಯಿತು. ಫ್ರಾನ್ಸಿಗೆ ಹೋಗು, ಯುವರಾಜನಿಗೆ ಪಟ್ಟ ಕಟ್ಟಿಸು ಎಂಬ ಆಜ್ಞೆಯಾಯಿತು. ಇದು ದೈವವೋ, ಎಳೆಯ ಮನಸ್ಸಿನ ಕಲ್ಪನೆಯೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅವಳ ಕಲ್ಪನಾಶಕ್ತಿಯೇ ಸಂತರ ರೂಪದಲ್ಲಿ ಮಾತಾಡಿತೆಂದು ಶಾ ವಾದಿಸಿದ. ವೈದ್ಯರು ರೋಗಗಳ ಹೆಸರು ಹೇಳಿದ್ದಾರೆ. ಭಕ್ತರಿಗೆ ಸಂಶಯವೇ ಇಲ್ಲ. ನನಗೆ ಕಾಣುವುದಿಷ್ಟು: ಧ್ವನಿ ಎಲ್ಲಿಂದಲೇ ಬಂದಿರಲಿ, ಅದನ್ನು ನಂಬಿ ನಡೆದದ್ದಕ್ಕೆ ತೆರಬೇಕಾದ ಬೆಲೆಯನ್ನು ತೆತ್ತವಳು ಅವಳೇ.

ಬೆಲೆ ತೆರುವುದು ಮನೆಯಿಂದಲೇ ಶುರುವಾಯಿತು. ಮಗಳು ಸಿಪಾಯಿಗಳ ಜೊತೆ ಹೊರಟುಹೋದಂತೆ ತಂದೆಗೆ ಕನಸು ಬಿತ್ತು. ಹಾಗೇನಾದರೂ ಆದರೆ ಇವಳನ್ನು ನೀರಿಗೆ ಹಾಕಿ ಮುಳುಗಿಸಿ, ನಿಮ್ಮ ಕೈಲಾಗದಿದ್ದರೆ ನಾನೇ ಮುಳುಗಿಸುತ್ತೇನೆ ಎಂದು ಗಂಡುಮಕ್ಕಳಿಗೆ ಹೇಳಿದನಂತೆ. ತಾಯಿಯ ಬಾಯಿಂದ ಮಗಳಿಗೆ ಇದು ತಿಳಿಯಿತು. ಮದುವೆಯ ಮಾತು ಕೊಟ್ಟು ತಪ್ಪಿದ್ದಾಳೆಂದು ಒಬ್ಬ ಯುವಕ ಟೂಲ್ ಪಟ್ಟಣದ ಧರ್ಮನ್ಯಾಯಾಲಯಕ್ಕೆ ಎಳೆದ. ತಾನು ಯಾರಿಗೂ ಮಾತು ಕೊಟ್ಟಿಲ್ಲವೆಂದು ಹುಡುಗಿ ಅಲ್ಲಿ ನಿಂತು ಹೇಳಿದಳು. 1428ರಲ್ಲಿ ಸಂಬಂಧಿಕನೊಬ್ಬನನ್ನು ಕರೆದುಕೊಂಡು ವೊಕುಲೂರಿನ ಕೋಟೆಯ ಅಧಿಕಾರಿ ಬೋದ್ರಿಕೂರನಲ್ಲಿಗೆ ಹೋದಾಗ, ಅವನು ಕೊಟ್ಟ ಸಲಹೆ ಇವಳ ಕೆನ್ನೆಗೆರಡು ಬಿಗಿದು ಅಪ್ಪನ ಮನೆಗೆ ಬಿಟ್ಟುಬಾ ಎಂಬುದು. ಅವಳು ಮನೆಗೆ ಹೋದಳು, ಮತ್ತೆ ಬಂದಳು. 1429ರ ಮೊದಲ ತಿಂಗಳುಗಳಲ್ಲಿ ಅವನು ಸೋತು ಒಪ್ಪಿಕೊಂಡ.

ಗಂಡುಡುಪಿನ ಕಥೆ ಶುರುವಾಗುವುದು ಇಲ್ಲಿ. ಶತ್ರುಗಳ ಸೀಮೆಯಲ್ಲಿ ಹನ್ನೊಂದು ದಿನದ ದಾರಿ, ಜೊತೆಗೆ ಆರು ಜನ ಗಂಡಸರು. ಜೋನ್ ಕೂದಲು ಕತ್ತರಿಸಿಕೊಂಡು, ಸೊಂಟದವರೆಗಿನ ಅಂಗಿಗೆ ಕಾಲುಚೀಲವನ್ನು ದಾರಗಳಿಂದ ಬಿಗಿಯುವ ಗಂಡಸರ ಉಡುಪು ತೊಟ್ಟಳು. ರಾತ್ರಿ ಅದನ್ನು ಕಳಚದೆ ಅವರ ನಡುವೆಯೇ ಮಲಗುತ್ತಿದ್ದಳು. ತಮ್ಮ ಮನಸ್ಸಿನಲ್ಲಿ ಕೆಟ್ಟ ಯೋಚನೆ ಸುಳಿಯಲಿಲ್ಲವೆಂದು ಜೊತೆಗಿದ್ದ ಇಬ್ಬರು ಮುಂದೆ ಸಾಕ್ಷಿ ನುಡಿದರು. ಒಳ್ಳೆಯವರ ಜೊತೆಯೇ ಹೋಗಿದ್ದಳು. ಆದರೂ ದಾರಗಳನ್ನು ಬಿಗಿದೇ ಕಟ್ಟಿಕೊಂಡಿದ್ದಳು ಎಂಬುದನ್ನು ಹೆಂಗಸರಾದ ನಾವು ಓದುವಾಗ ಬೇರೆ ವಿವರಣೆ ಬೇಕಾಗುವುದಿಲ್ಲ.

ಶಿನೋನಿನಲ್ಲಿ ಯುವರಾಜನನ್ನು ಕಂಡಳು. ಅವನು ಅವಳನ್ನು ಪ್ವಾತಿಯೇ ಊರಿಗೆ ಕಳಿಸಿ, ಪಂಡಿತರಿಂದ ಸುಮಾರು ಮೂರು ವಾರ ಪರೀಕ್ಷೆ ಮಾಡಿಸಿದ. ಆ ಪರೀಕ್ಷಕರಲ್ಲಿ ಸೆಗ್ವೆನ್ ಎಂಬ ಪಾದ್ರಿಗೆ ಲಿಮೂಸಿನ್ ಸೀಮೆಯ ದೇಸೀ ಉಚ್ಚಾರ. ನಿನ್ನ ಧ್ವನಿಗಳು ಯಾವ ಭಾಷೆ ಆಡುತ್ತವೆ ಎಂದು ಆತ ಕೇಳಿದ್ದಕ್ಕೆ, ನಿಮ್ಮದಕ್ಕಿಂತ ಒಳ್ಳೆಯದನ್ನು ಎಂದುಬಿಟ್ಟಳಂತೆ. ಇದನ್ನು ಆತನೇ ಮುದುಕನಾದ ಮೇಲೆ ಸಾಕ್ಷಿಯಲ್ಲಿ ಹೇಳಿಕೊಂಡಿರುವುದು ಆತನ ದೊಡ್ಡತನ. ತರಗತಿಯಲ್ಲಿ ಇಂಥ ಉತ್ತರ ಕೊಡುವ ಹುಡುಗಿ ವರ್ಷಕ್ಕೊಬ್ಬಳಾದರೂ ಇರುತ್ತಾಳೆ. ನಗುವನ್ನು ತಡೆದುಕೊಂಡು ಗದರುವುದು ಎಂಥ ಕಷ್ಟವೆಂದು ಪಾಠ ಹೇಳುವವರಿಗೆಲ್ಲ ಗೊತ್ತು.

ಮುಂದಿನದು ಎಲ್ಲರೂ ಬಲ್ಲ ಕಥೆ, ಬೇಗ ಹೇಳಿಬಿಡುತ್ತೇನೆ. 1428ರ ಅಕ್ಟೋಬರಿನಿಂದ ಇಂಗ್ಲಿಷರ ಮುತ್ತಿಗೆಯಲ್ಲಿದ್ದ ಓರ್ಲಿಯಾನ್ಸ್ ನಗರಕ್ಕೆ ಜೋನ್ 1429ರ ಏಪ್ರಿಲ್ 29ರಂದು ಬಂದಳು. ಮೇ 8ಕ್ಕೆ ಮುತ್ತಿಗೆ ತೆರವಾಯಿತು. ಜೂನ್ 18ರಂದು ಪಾತೇಯಲ್ಲಿ ಇಂಗ್ಲಿಷರು ಬಯಲು ಯುದ್ಧದಲ್ಲೂ ಸೋತರು. ಜುಲೈ 17ರಂದು ರೀಮ್ಸ್ ನಗರದ ಇಗರ್ಜಿಯಲ್ಲಿ ಚಾರ್ಲ್ಸನಿಗೆ ಪಟ್ಟವಾಯಿತು. ಜೋನ್ ಬಾವುಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಕತ್ತಿಗಿಂತ ಬಾವುಟ ತನಗೆ ನಲವತ್ತು ಪಾಲು ಪ್ರಿಯ, ಯಾರನ್ನೂ ಕೊಲ್ಲಬಾರದೆಂದೇ ದಾಳಿಯಲ್ಲಿ ಅದನ್ನು ಹಿಡಿಯುತ್ತಿದ್ದೆ, ತಾನು ಯಾರನ್ನೂ ಕೊಂದಿಲ್ಲ ಎಂದು ಅವಳು ನ್ಯಾಯಾಲಯದಲ್ಲಿ ಹೇಳಿದ್ದುಂಟು. ನಾಟಕಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ಮೇ 7ರ ಹೋರಾಟದಲ್ಲಿ ಬಾಣ ನಾಟಿದಾಗ ಅವಳು ಹೆದರಿ ಅತ್ತಳು. ಗಾಯಕ್ಕೆ ಮದ್ದು ಹಾಕಿಸಿಕೊಂಡು ಮತ್ತೆ ಹೋದಳು. ಅದೇ ಸಂಜೆ, ತನ್ನನ್ನು ಹೀನಾಯವಾಗಿ ಬೈದಿದ್ದ ಇಂಗ್ಲಿಷ್ ಸೇನಾನಿ ಗ್ಲಾಸ್‌ಡೇಲ್ ಹೊಳೆಯಲ್ಲಿ ಮುಳುಗಿ ಸತ್ತಾಗ, ಅವನ ಆತ್ಮಕ್ಕಾಗಿಯೂ ಅತ್ತಳು. ಇದನ್ನೆಲ್ಲ ಹೇಳಿದವನು ಅವಳ ಜೊತೆಗೇ ಇದ್ದ ಪಾದ್ರಿ ಪಾಸ್ಕೆರೆಲ್.

ಪಟ್ಟವಾದ ಮೇಲೆ ಅರಸನಿಗೆ ಅವಳ ಅವಸರ ಬೇಡವಾಯಿತು. 1429ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಮೇಲಿನ ದಾಳಿ ಸೋತಿತು. 1430ರ ಮೇ 23ರಂದು ಕೋಂಪಿಯೆನ್ ಊರಿನ ಹೊರಗೆ ಬರ್ಗಂಡಿಯವರ ಕೈಗೆ ಸಿಕ್ಕಿಬಿದ್ದಳು. ಅವರು ಹತ್ತು ಸಾವಿರ ಫ್ರಾಂಕಿಗೆ ಅವಳನ್ನು ಇಂಗ್ಲಿಷರಿಗೆ ಮಾರಿದರು. ಅವಳಿಂದ ಕಿರೀಟ ಪಡೆದವನು ಅವಳನ್ನು ಬಿಡಿಸಿಕೊಳ್ಳಲು ಕೈಯಾಡಿಸಲಿಲ್ಲ.

1431ರ ಆರಂಭದಲ್ಲಿ ರೂಆನಿನಲ್ಲಿ ವಿಚಾರಣೆ ಶುರುವಾಯಿತು. ಬೋವೆಯ ಬಿಷಪ್ ಕೋಶೋನ್ ಮುಖ್ಯ ನ್ಯಾಯಾಧೀಶ. ಸುತ್ತ ಧರ್ಮಶಾಸ್ತ್ರದ ಹತ್ತಾರು ಪಂಡಿತರು, ಪ್ಯಾರಿಸ್ ವಿಶ್ವವಿದ್ಯಾನಿಲಯದ ಘನ ವಿದ್ವಾಂಸರು. ಎದುರಿಗೆ, ಕಾಲಿಗೆ ಕಬ್ಬಿಣ ಬಿಗಿಸಿಕೊಂಡಿದ್ದ ಒಬ್ಬಳೇ ಹುಡುಗಿ.

ಪ್ರಶ್ನೆ ಕೇಳುವುದು ನನ್ನ ಕಸುಬು. ಬಿ.ಎಡ್.ನಲ್ಲಿ ಪ್ರಶ್ನೆ ಕೇಳುವ ಕಲೆಯೆಂದೇ ಒಂದು ಪಾಠವಿತ್ತು. ಮಗುವಿಗೆ ಗೊತ್ತಿರುವುದನ್ನು ಹೊರತರುವುದು ಒಳ್ಳೆಯ ಪ್ರಶ್ನೆ; ಮಗುವನ್ನು ಸಿಕ್ಕಿಹಾಕಿಸುವುದು ಕೆಟ್ಟ ಪ್ರಶ್ನೆ. ರೂಆನಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು. ಅದರಲ್ಲಿ ಒಂದು ಹೆಸರಾದದ್ದು: ದೇವರ ಕೃಪೆಯಲ್ಲಿ ನೀನಿರುವೆಯಾ? ಹೌದೆಂದರೆ ಅಹಂಕಾರ, ಯಾಕೆಂದರೆ ಅದು ಮನುಷ್ಯರು ನಿಶ್ಚಯವಾಗಿ ತಿಳಿಯಲಾರದ ವಿಷಯ. ಇಲ್ಲವೆಂದರೆ ಪಾಪವನ್ನು ಒಪ್ಪಿಕೊಂಡ ಹಾಗೆ. ಜೋನ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಇಲ್ಲದಿದ್ದರೆ ದೇವರು ತನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲಿಯೇ ಇರಿಸಿಕೊಳ್ಳಲಿ ಎಂಬ ಅರ್ಥದಲ್ಲಿ ಉತ್ತರಿಸಿದಳು. ಕೇಳಿದವರು ದಂಗಾಗಿಹೋದರೆಂದು ಅಲ್ಲಿದ್ದ ಗುಮಾಸ್ತರಲ್ಲೊಬ್ಬ ಮುಂದೆ ಹೇಳಿದ. ಸಂತ ಮಾರ್ಗರೆಟ್ ಇಂಗ್ಲಿಷ್ ಮಾತಾಡುತ್ತಾಳೆಯೇ ಎಂದರೆ, ಇಂಗ್ಲಿಷರ ಕಡೆಯವಳಲ್ಲದವಳು ಇಂಗ್ಲಿಷ್ ಯಾಕೆ ಮಾತಾಡಬೇಕೆಂದು ಕೇಳಿದಳು. ಸಂತ ಮೈಕೇಲ ಬತ್ತಲೆಯಾಗಿ ಬಂದಿದ್ದನೇ ಎಂದರೆ, ಅವನಿಗೆ ಉಡಿಸಲು ದೇವರ ಬಳಿ ಬಟ್ಟೆಗೆ ಗತಿಯಿಲ್ಲವೆಂದುಕೊಂಡಿರಾ ಎಂದಳು. ಅಪ್ಪ ಅಮ್ಮನನ್ನು ಕೇಳದೆ ಮನೆ ಬಿಟ್ಟದ್ದು ಪಾಪವಲ್ಲವೇ ಎಂದಾಗ, ದೇವರ ಆಜ್ಞೆಯಾದ ಮೇಲೆ ತನಗೆ ನೂರು ಜನ ತಂದೆತಾಯಿಗಳಿದ್ದರೂ ಹೋಗುತ್ತಿದ್ದೆ ಎಂದಳು. ಜೊತೆಗೇ, ಅವರಿಗೆ ಕಾಗದ ಬರೆಸಿದ್ದೆ, ಅವರು ಕ್ಷಮಿಸಿದ್ದಾರೆ ಎಂಬುದನ್ನೂ ಸೇರಿಸಿದಳು. ಆ ಕೊನೆಯ ಮಾತು ಯಾವ ನಾಟಕದ ವೀರರಾಣಿಗೂ ಹೊಳೆಯುವುದಿಲ್ಲ. ಅದು ಮನೆಯ ಮಗಳ ಮಾತು.

ಪಂಡಿತರ ಆರೋಪಗಳು ಮೊದಲು ಎಪ್ಪತ್ತು ಇದ್ದವು, ಆಮೇಲೆ ಹನ್ನೆರಡಕ್ಕೆ ಇಳಿದವು. ಅವುಗಳ ತಿರುಳು ಎರಡೇ. ಒಂದು, ನಿನ್ನ ಕಿವಿಗೆ ಕೇಳಿಸಿದ್ದು ನಿಜವೋ ಸುಳ್ಳೋ ಎಂಬುದನ್ನು ಧರ್ಮಸಭೆಯ ತೀರ್ಮಾನಕ್ಕೆ ಬಿಡು. ಇನ್ನೊಂದು, ಗಂಡುಡುಪು ಬಿಡು. ಮೇಲುನೋಟಕ್ಕೆ ಮೊದಲನೆಯದು ದೊಡ್ಡದು, ಎರಡನೆಯದು ಕ್ಷುಲ್ಲಕ. ದಾಖಲೆಯಲ್ಲಿ ಮಾತ್ರ ಎರಡನೆಯದು ಮತ್ತೆ ಮತ್ತೆ ಎದ್ದು ಬರುತ್ತದೆ. ಹೆಂಗಸಿನ ಉಡುಪು ತೊಟ್ಟರೆ ಪೂಜೆ ಕೇಳಲು ಬಿಡುತ್ತೇವೆ ಎಂಬ ಆಮಿಷವೊಡ್ಡಿದರು. ಪೂಜೆಗಾಗಿ ಹಂಬಲಿಸುತ್ತಿದ್ದವಳು ಅವಳು. ಹಾಗಾದರೆ ನೆಲದವರೆಗೆ ಬರುವ ಉದ್ದನೆಯ ಒಂದು ನಿಲುವಂಗಿ ಹೊಲಿಸಿಕೊಡಿ, ಪೂಜೆಗೆ ಹೋಗುವಾಗ ತೊಟ್ಟು, ಬಂದ ಮೇಲೆ ಇದನ್ನೇ ಹಾಕಿಕೊಳ್ಳುತ್ತೇನೆ ಎಂದು ಕೇಳಿಕೊಂಡಳು. ಅವರು ಒಪ್ಪಲಿಲ್ಲ.

ಬಂದ ಮೇಲೆ ಇದನ್ನೇ ಯಾಕೆ ತೊಡಬೇಕು? ಎಲ್ಲಿಗೆ ಬಂದ ಮೇಲೆ? ಧರ್ಮನ್ಯಾಯಾಲಯದ ಕೈದಿಯನ್ನು ಧರ್ಮಸಭೆಯ ಸೆರೆಮನೆಯಲ್ಲಿ, ಹೆಂಗಸಾದರೆ ಹೆಂಗಸರ ಕಾವಲಿನಲ್ಲಿ ಇಡುವುದು ಪದ್ಧತಿ. ಜೋನಳನ್ನು ಇಟ್ಟದ್ದು ಇಂಗ್ಲಿಷರ ಕೋಟೆಯಲ್ಲಿ. ಕಾವಲಿಗೆ ಇಂಗ್ಲಿಷ್ ಸಿಪಾಯಿಗಳು ಐವರು. ರಾತ್ರಿ ಅವರಲ್ಲಿ ಮೂವರು ಅವಳ ಕೋಣೆಯ ಒಳಗೇ ಇರುತ್ತಿದ್ದರು. ಧರ್ಮಸಭೆಯ ಸೆರೆಮನೆಗೆ ಕಳಿಸಿರೆಂದು ಅವಳು ಪದೇ ಪದೇ ಬೇಡಿದಳು. ದೈವದ ಅಪ್ಪಣೆಯಿಲ್ಲದೆ ಉಡುಪು ಬಿಡಲಾರೆ ಎಂದು ಅವಳು ಹೇಳುತ್ತಿದ್ದುದನ್ನು ಹಟವೆಂದರು, ಧರ್ಮದ್ರೋಹವೆಂದರು. ನಂಬಿಕೆಯೂ ಮಾನರಕ್ಷಣೆಯೂ ಆ ಕೋಣೆಯಲ್ಲಿ ಒಂದೇ ದಾರದ ಗಂಟಾಗಿದ್ದವು. ಶಾನ ಜೋನ್ ಈ ಕಾರಣವನ್ನು ನ್ಯಾಯಾಲಯದ ದೃಶ್ಯದಲ್ಲಿ ಒಂದು ಮಾತಿನಲ್ಲಿ ಹೇಳುತ್ತಾಳೆ. ಅವನು ಅದನ್ನು ಬಿಡಲಿಲ್ಲವೆಂಬುದು ಅವನ ಪರವಾಗಿ ಹೇಳಬೇಕಾದದ್ದು. ಅವನು ಬಿಟ್ಟದ್ದು ಆಮೇಲಿನ ದಿನಗಳನ್ನು.

1431ರ ಮೇ 24, ಗುರುವಾರ. ಸೇಂಟ್ ಊಆಂ ಮಠದ ಸ್ಮಶಾನದ ಅಂಗಳದಲ್ಲಿ ಜನ ಸೇರಿದ್ದರು. ತಪ್ಪೊಪ್ಪಿಕೊಳ್ಳದಿದ್ದರೆ ಸುಡುವುದೇ ಎಂದು ತೀರ್ಪು ಓದಲು ಶುರುಮಾಡಿದರು. ನಾಲ್ಕು ತಿಂಗಳು ಬಗ್ಗದ ಹುಡುಗಿ ಅಲ್ಲಿ ಕುಸಿದಳು. ಧ್ವನಿಗಳನ್ನು ನಿರಾಕರಿಸುವ, ಗಂಡುಡುಪು ಬಿಡುವ ಕಾಗದಕ್ಕೆ ಗುರುತು ಹಾಕಿದಳು. ಅವಳಿಗೆ ಓದಿ ಹೇಳಿದ ಕಾಗದ ಆರೇಳು ಸಾಲಿನದು ಎಂದು ಸಾಕ್ಷಿಗಳು ಹೇಳುತ್ತಾರೆ. ದಾಖಲೆಯಲ್ಲಿ ಸೇರಿರುವುದು ಅದಕ್ಕಿಂತ ಎಷ್ಟೋ ಪಾಲು ಉದ್ದವಾದದ್ದು. ಜೀವಾವಧಿ ಸೆರೆಯ ಶಿಕ್ಷೆಯಾಯಿತು. ಇನ್ನು ಧರ್ಮಸಭೆಯ ಸೆರೆಮನೆಗೆ ಹೋಗುತ್ತೇನೆಂದು ಅವಳು ನಂಬಿದ್ದಳು. ಎಲ್ಲಿಂದ ಕರೆತಂದಿರೋ ಅಲ್ಲಿಗೇ ಒಯ್ಯಿರಿ ಎಂದು ಕೋಶೋನ್ ಆಜ್ಞೆ ಮಾಡಿದ. ಹೆಂಗಸಿನ ಉಡುಪು ತೊಡಿಸಿ, ತಲೆ ಬೋಳಿಸಿ, ಅವೇ ಸಿಪಾಯಿಗಳ ನಡುವೆ ಬಿಟ್ಟರು.

ಭಾನುವಾರದ ಹೊತ್ತಿಗೆ, ಅವಳು ಮತ್ತೆ ಗಂಡುಡುಪಿನಲ್ಲಿದ್ದಾಳೆಂಬ ಸುದ್ದಿ ಹಬ್ಬಿತು. ಆ ಮೂರು ದಿನ ಕೋಣೆಯಲ್ಲಿ ಏನಾಯಿತೆಂದು ಮುಂದೆ ಸಾಕ್ಷಿಗಳು ಬೇರೆ ಬೇರೆ ರೀತಿ ಹೇಳಿದ್ದಾರೆ. ಕಾವಲಿನವರು ಅವಳ ಉಡುಪನ್ನು ಎತ್ತಿಕೊಂಡು, ಹಳೆಯ ಗಂಡುಡುಪನ್ನು ಮುಂದೆ ಎಸೆದರೆಂದೂ, ಮಧ್ಯಾಹ್ನದವರೆಗೆ ವಾದ ಮಾಡಿ, ದೇಹಬಾಧೆಗೆ ಹೊರಗೆ ಹೋಗಲೇಬೇಕಾಗಿ ಬಂದಾಗ ಅದನ್ನೇ ತೊಟ್ಟಳೆಂದೂ ಒಬ್ಬ ಹೇಳಿದ. ಅವಳ ಮೇಲೆ ಬಲಾತ್ಕಾರಕ್ಕೆ ಕೈಹಾಕಿದ್ದರೆಂದು ಇನ್ನೊಬ್ಬ ಹೇಳಿದ. ಅವಳೇ ಕೊಟ್ಟ ಕಾರಣ ದಾಖಲೆಯಲ್ಲಿದೆ. ಸೋಮವಾರ, ಮೇ 28ರಂದು ನ್ಯಾಯಾಧೀಶರು ಸೆರೆಕೋಣೆಗೇ ಬಂದರು. ಯಾಕೆ ತೊಟ್ಟೆ ಎಂದರು. ಗಂಡಸರ ನಡುವೆ ಇರುವಾಗ ಇದೇ ಹೆಚ್ಚು ಯೋಗ್ಯವೆಂದೂ, ಪೂಜೆ ಕೇಳಿಸುತ್ತೇವೆ, ಸಂಕೋಲೆ ತೆಗೆಯುತ್ತೇವೆ ಎಂದವರು ಮಾತು ನಡೆಸಲಿಲ್ಲವೆಂದೂ ಹೇಳಿದಳು. ತಕ್ಕ ಸೆರೆಮನೆಯಲ್ಲಿಟ್ಟರೆ ಹೇಳಿದಂತೆ ಕೇಳುವೆನೆಂದಳು. ಇಲ್ಲಿಗೆ ನಿಲ್ಲಿಸಿದ್ದರೆ ಒಂದು ವೇಳೆ ಉಳಿಯುತ್ತಿದ್ದಳೇನೋ. ಅವರು ಇನ್ನೊಂದು ಪ್ರಶ್ನೆ ಕೇಳಿದರು: ಗುರುವಾರದಿಂದ ಈಚೆಗೆ ಧ್ವನಿ ಕೇಳಿಸಿತೇ?

ಹೌದೆಂದಳು. ಪ್ರಾಣ ಉಳಿಸಿಕೊಳ್ಳಲು ತಾನು ದೊಡ್ಡ ದ್ರೋಹ ಮಾಡಿದೆನೆಂದು ಸಂತರು ಮರುಗಿದರೆಂದಳು. ಗುರುವಾರ ಹೇಳಿದ್ದೆಲ್ಲ ಬೆಂಕಿಯ ಭಯದಿಂದ ಹೇಳಿದ್ದು ಎಂದಳು. ಪುಟದ ಅಂಚಿನಲ್ಲಿ ಗುಮಾಸ್ತ ಲ್ಯಾಟಿನ್ನಿನಲ್ಲಿ ಎರಡು ಪದ ಬರೆದ. ಮರಣಕ್ಕೆ ಈಡುಮಾಡುವ ಉತ್ತರ ಎಂಬುದು ಅದರ ಅರ್ಥ. ಅಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಉತ್ತರ ಕೊಟ್ಟವಳಿಗೂ ಗೊತ್ತಿತ್ತು.

ಬುಧವಾರ, ಮೇ 30ರ ಬೆಳಿಗ್ಗೆ, ಸುಡುತ್ತಾರೆಂದು ತಿಳಿಸಿದಾಗ ಅವಳು ಗೋಳಾಡಿದಳು. ಇದಕ್ಕಿಂತ ಏಳು ಸಲ ತಲೆ ಕಡಿಸಿಕೊಳ್ಳುವುದು ಮೇಲೆಂದಳು. ಧರ್ಮಸಭೆಯ ಸೆರೆಮನೆಯಲ್ಲಿ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲವೆಂದು ಕೋಶೋನನ ಮುಖಕ್ಕೇ ಹೇಳಿದಳು. ಹಳೇ ಸಂತೆ ಮೈದಾನದಲ್ಲಿ ಒಬ್ಬ ಇಂಗ್ಲಿಷ್ ಸಿಪಾಯಿ ಕಡ್ಡಿಗಳಲ್ಲಿ ಶಿಲುಬೆ ಕಟ್ಟಿಕೊಟ್ಟ, ಅದನ್ನು ಎದೆಗಿಟ್ಟುಕೊಂಡಳು. ಪಕ್ಕದ ಇಗರ್ಜಿಯಿಂದ ಶಿಲುಬೆ ತಂದು ಒಬ್ಬ ಪಾದ್ರಿ ಅವಳ ಕಣ್ಣೆದುರು ಎತ್ತಿ ಹಿಡಿದ. ಯೇಸುವಿನ ಹೆಸರು ಕೂಗುತ್ತಾ ಪ್ರಾಣ ಬಿಟ್ಟಳು. ಬೂದಿಯನ್ನು ಸೇನ್ ನದಿಗೆ ಹಾಕಿದರು.

ಗುರುವಾರದಿಂದ ಬುಧವಾರಕ್ಕೆ ಆರು ದಿನ. ಶಾನ ನಾಟಕದಲ್ಲಿ ಈ ಆರು ದಿನಗಳಿಲ್ಲ. ಅಲ್ಲಿ ಜೋನ್ ಸಹಿ ಹಾಕುತ್ತಾಳೆ. ಬಿಡುಗಡೆಯಲ್ಲ, ಜೀವಾವಧಿ ಸೆರೆ ಎಂದು ತಿಳಿದ ಕೂಡಲೇ ಕಾಗದವನ್ನು ಹರಿದು ಹಾಕಿ, ನೆನಪಿನಲ್ಲುಳಿಯುವ ಒಂದು ಭಾಷಣ ಮಾಡಿ, ನೇರವಾಗಿ ಬೆಂಕಿಗೆ ನಡೆಯುತ್ತಾಳೆ. ಡ್ರೈಯರನ ಚಿತ್ರವೂ ಎಲ್ಲವನ್ನೂ ಒಂದೇ ದಿನಕ್ಕೆ ಅಡಕಿದೆ. ಷಿಲ್ಲರನಂತೂ ಬೆಂಕಿಯನ್ನೇ ಬಿಟ್ಟ. ರಂಗಭೂಮಿಗೆ ಅದರದೇ ಕಟ್ಟುಪಾಡುಗಳಿವೆ, ಮೂರು ಗಂಟೆಯಲ್ಲಿ ಆಟ ಮುಗಿಯಬೇಕು ಎಂಬುದನ್ನು ಬಲ್ಲೆ. ಆದರೆ ಆ ಕ್ಷಣದ ಆವೇಶದಲ್ಲಿ ಕಾಗದ ಹರಿಯುವುದು ಒಂದು ಬಗೆಯ ಧೈರ್ಯ. ಜನ ನೋಡುತ್ತಿದ್ದಾರೆ, ಮಾತಿಗೆ ಮಾತು ಬೆಳೆದಿದೆ, ರಕ್ತ ಕಾದಿದೆ. ಬೋಳಿಸಿದ ತಲೆಯಲ್ಲಿ, ಕಾವಲಿನವರ ಅಪಹಾಸ್ಯದ ನಡುವೆ ನಾಲ್ಕು ರಾತ್ರಿ ಕಳೆದು, ಜೀವ ಉಳಿಸಿಕೊಂಡದ್ದನ್ನು ಒಳಗೊಳಗೇ ತೂಗಿನೋಡಿ, ಒಂದು ಸೋಮವಾರ ತಣ್ಣಗೆ ಕೂತು, ಆ ಉತ್ತರ ಸಾವೆಂದು ತಿಳಿದೂ ನಿಜ ಹೇಳುವುದು ಬೇರೆಯೇ ಬಗೆಯದು.

ಒಂಬತ್ತನೆಯ ತರಗತಿಯಲ್ಲಿ ಈ ಕಥೆ ಹೇಳಿದ ಒಂದು ದಿನ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹೆದರಿ ಸಹಿ ಹಾಕಿದವಳನ್ನು ವೀರಳು ಅಂತ ಯಾಕೆ ಅನ್ನಬೇಕು ಮಿಸ್?" ಎಂದಳು. ಒಳ್ಳೆಯ ಪ್ರಶ್ನೆ. ನಾನು ಉತ್ತರಿಸುವ ಮೊದಲೇ ಅವಳ ಪಕ್ಕದವಳು, "ಹೆದರಿಕೆ ಇರದಿದ್ದರೆ ವಾಪಸ್ಸು ತಗೊಳ್ಳೋದರಲ್ಲಿ ಏನು ದೊಡ್ಡದು?" ಎಂದಳು. ಗಂಟೆ ಹೊಡೆಯಿತು. ನಾನು ಸೇರಿಸುವುದೇನೂ ಉಳಿದಿರಲಿಲ್ಲ. ನಮ್ಮ ಹುಡುಗಿಯರಲ್ಲಿ ಎಷ್ಟೋ ಜನ, ಮನೆಯವರ ಒತ್ತಾಯಕ್ಕೆ, ನಾಲ್ಕು ಜನರ ಮಾತಿಗೆ ಹೆದರಿ ಒಪ್ಪಿಕೊಂಡುಬಿಡುತ್ತಾರೆ. ಓದು ಬಿಡುವುದಕ್ಕೆ, ಬೇಡದ ಮದುವೆಗೆ, ಯಾರೋ ಮಾಡಿದ ತಪ್ಪಿಗೆ ತಾವು ಬಾಯಿ ಮುಚ್ಚಿಕೊಂಡಿರುವುದಕ್ಕೆ. ಒಮ್ಮೆ ಹೂಂ ಅಂದಾಯಿತಲ್ಲ, ಇನ್ನು ಹೇಳುವುದಕ್ಕೆ ತಮಗೆ ಮುಖವಿಲ್ಲ ಎಂದುಕೊಳ್ಳುತ್ತಾರೆ. ಎಂದೂ ಹೆದರದ ವೀರವನಿತೆಯ ಕಥೆಯಿಂದ ಅಂಥವರಿಗೆ ಸಿಗುವುದು ಕಡಿಮೆ. ಹೆದರಿ ಹೂಂ ಅಂದು, ನಾಲ್ಕು ದಿನದ ಮೇಲೆ ಅಲ್ಲ ಎಂದವಳ ಕಥೆ ಅವರಿಗೆ ಬೇಕು.

ಇನ್ನೊಬ್ಬಳ ವಿಷಯ ಹೇಳದಿದ್ದರೆ ಈ ಚರಿತ್ರೆ ಮುಗಿಯುವುದಿಲ್ಲ. 1449ರಲ್ಲಿ ರೂಆನ್ ಚಾರ್ಲ್ಸನ ಕೈಸೇರಿತು. ಧರ್ಮದ್ರೋಹಿಯ ಕೈಯಿಂದ ಪಟ್ಟ ಪಡೆದವನೆಂಬ ಕಳಂಕ ಅವನಿಗೂ ಬೇಡವಾಗಿ, ಹಳೆಯ ವಿಚಾರಣೆಯನ್ನು ಕೆದಕಿಸಲು ತೊಡಗಿದ. ಆದರೆ ಅಹವಾಲು ತಂದು ನಿಂತವಳು ತಾಯಿ ಇಸಾಬೆಲ್. ಗಂಡ ತೀರಿಹೋಗಿದ್ದ, ಅವಳು ಓರ್ಲಿಯಾನ್ಸ್ ನಗರದವರು ಕೊಡುತ್ತಿದ್ದ ಮಾಸಾಶನದಲ್ಲಿ ಬದುಕಿದ್ದಳು. 1455ರ ನವೆಂಬರ್ 7ರಂದು, ಪ್ಯಾರಿಸ್ಸಿನ ನೋತ್ರ್‌ದಾಮ್ ಇಗರ್ಜಿಯಲ್ಲಿ, ಪೋಪರು ನೇಮಿಸಿದವರ ಮುಂದೆ ಆ ಮುದುಕಿ ತನ್ನ ಮಗಳಿಗಾದ ಅನ್ಯಾಯವನ್ನು ಒಪ್ಪಿಸಿದಳು. ಜನ ನೂಕಾಡಿದ್ದರಿಂದ ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಕೇಳಬೇಕಾಯಿತು. 1456ರ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು. ಎರಡು ವರ್ಷದಲ್ಲಿ ತಾಯಿ ತೀರಿಕೊಂಡಳು. ಧರ್ಮಸಭೆ 1920ರಲ್ಲಿ ಜೋನಳನ್ನು ಸಂತಳೆಂದು ಸಾರಿತು.

ಅವಳು ಬದುಕಿದ್ದಾಗ ಬರೆದ ಒಂದೇ ಒಂದು ಚಿತ್ರ ಇಂದಿಗೆ ಉಳಿದಿದೆ. 1429ರ ಮೇ ತಿಂಗಳಿನಲ್ಲಿ ಓರ್ಲಿಯಾನ್ಸಿನ ಸುದ್ದಿ ಬಂದಾಗ, ಪ್ಯಾರಿಸ್ಸಿನ ನ್ಯಾಯಾಲಯದ ಗುಮಾಸ್ತನೊಬ್ಬ ತನ್ನ ಕಡತದ ಅಂಚಿನಲ್ಲಿ ಗೀಚಿದ್ದು. ಅವಳನ್ನು ಕಂಡವನಲ್ಲ. ಕೈಗೆ ಬಾವುಟವನ್ನೂ ಕತ್ತಿಯನ್ನೂ ಕೊಟ್ಟಿದ್ದಾನೆ. ಉದ್ದ ಕೂದಲು ಬಿಡಿಸಿ, ಹೆಂಗಸಿನ ನಿಲುವಂಗಿ ತೊಡಿಸಿದ್ದಾನೆ. ಅವಳನ್ನು ನೋಡದೆ ತಮಗೆ ತೋಚಿದಂತೆ ಉಡಿಸುವ ಕೆಲಸ ಅಂದಿನಿಂದಲೇ ಶುರುವಾಗಿದೆ.

ಶಾಲೆಯ ವಾರ್ಷಿಕೋತ್ಸವಕ್ಕೆ ವೀರವನಿತೆಯರ ನಾಟಕ ಮಾಡುವುದು ರೂಢಿ. ಹುಡುಗಿಯರು ರಟ್ಟಿಗೆ ಬೇಗಡೆ ಅಂಟಿಸಿ ಕತ್ತಿ ಮಾಡಿಕೊಂಡು ಬರುತ್ತಾರೆ. ಜೋನಳ ನಾಟಕ ಮಾಡಿಸುವುದಾದರೆ ಆ ಸೋಮವಾರದ ದೃಶ್ಯ ಒಂದೇ ಸಾಕು ಎಂದು ನನಗೆ ಅನ್ನಿಸುತ್ತದೆ. ಒಂದು ಕೋಣೆ, ಕೆಲವು ಪಂಡಿತರು, ಬರೆದುಕೊಳ್ಳುವ ಗುಮಾಸ್ತ, ತಲೆ ಬೋಳಿಸಿದ ಹುಡುಗಿ. ಗುರುವಾರದಿಂದ ಈಚೆಗೆ ಧ್ವನಿ ಕೇಳಿಸಿತೇ ಎಂದು ಒಬ್ಬ ಕೇಳಬೇಕು. ಹುಡುಗಿ ಉತ್ತರ ಹೇಳುವ ಮೊದಲು ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರಲು ಬಿಡಬೇಕು.